ಕಟ್ಟದೆ ಬಿಟ್ಟ ಜಾಗ

ವಿಶ್ವವಿದ್ಯಾನಿಲಯ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ಒಂದು ಹೆಬ್ಬಾಗಿಲು, ಅದರ ಮೇಲಿನ ದೊಡ್ಡ ಅಕ್ಷರಗಳು, ಒಳಗೆ ಮೂರೋ ನಾಲ್ಕೋ ಅಂತಸ್ತಿನ ಕಟ್ಟಡಗಳು. ಅಲ್ಲಿ ಏನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ ಎಂಬುದರ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಚರ್ಚೆ ನಡೆಯುತ್ತದೆ. ಆದರೆ ಆ ಕಟ್ಟಡ ಅಲ್ಲಿಯೇ ಏಕೆ ನಿಂತಿತು, ಮುಂದಿನ ಐವತ್ತು ವರ್ಷಗಳಲ್ಲಿ ಅದರ ಪಕ್ಕ ಏನು ಬರಬೇಕು, ಏನು ಬರಬಾರದು, ಮಳೆಯ ನೀರು ಎತ್ತ ಹರಿಯಬೇಕು, ಊರಿನವರು ಯಾವ ದಾರಿಯಿಂದ ಒಳಗೆ ಬರಬೇಕು ಎಂಬುದನ್ನೆಲ್ಲ ಯಾರೋ ಕೆಲವರು ಒಂದು ಹಾಳೆಯ ಮೇಲೆ ಗೆರೆ ಎಳೆದು ನಿಶ್ಚಯಿಸಿರುತ್ತಾರೆ. ಆ ಹಾಳೆಯನ್ನು ನೋಡಿದವರು ಕಡಮೆ, ಕೇಳಿದವರು ಇನ್ನೂ ಕಡಮೆ. ಮೂವತ್ತೊಂದು ವರ್ಷ ಸರಕಾರಿ ಇಲಾಖೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ಅಂತಹ ಗೆರೆಗಳನ್ನು ಎಳೆದವನಾದ್ದರಿಂದ ಆ ಹಾಳೆಯ ಬಗ್ಗೆ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ಈ ವಿಷಯ ನನಗೆ ಬರಿಯ ಕಸುಬಿನದ್ದಲ್ಲ, ಮನೆಯದ್ದೂ ಹೌದು. ನಮ್ಮ ಊರಿನ ಮೇಲ್ಭಾಗದಲ್ಲಿ ಒಂದು ಪದವು ಇದೆ. ಬೇಸಗೆಯಲ್ಲಿ ಕರಿಹಿಡಿದ ಮುರಕಲ್ಲು, ಮಳೆಗಾಲದಲ್ಲಿ ಮೊಣಕಾಲೆತ್ತರದ ಮುಳಿಹುಲ್ಲು. ಕಡತದಲ್ಲಿ ಅದು ಬಂಜರು. ಹನ್ನೆರಡು ವರ್ಷಗಳ ಹಿಂದೆ ಅಲ್ಲಿ ಇಪ್ಪತ್ತು ಎಕರೆ ಜಾಗದಲ್ಲಿ ಒಂದು ವಿದ್ಯಾಸಂಸ್ಥೆ ಬಂತು. ಹೆಸರು ಇಲ್ಲಿ ಬೇಡ. ಅದರಿಂದ ಊರಿಗೆ ಒಳ್ಳೆಯದೂ ಆಗಿದೆ. ಬಸ್ಸು ಬಂತು, ಅಂಗಡಿಗಳಿಗೆ ವ್ಯಾಪಾರ ಬಂತು, ದೂರ ಹೋಗಲಾರದ ಹೆಣ್ಣುಮಕ್ಕಳು ಕಲಿತರು. ಆದರೆ ಪದವನ್ನು ಮಟ್ಟಸ ಮಾಡಿದ ಮೂರನೆಯ ವರ್ಷ ನನ್ನ ತಮ್ಮನ ತೋಟದ ಮೇಲಿನ ಸುರಂಗ ಮಾರ್ಚ್ ತಿಂಗಳಲ್ಲೇ ಬತ್ತಿತು. ಅದು ನಮ್ಮ ಅಜ್ಜನ ಕಾಲದಲ್ಲಿ ಕೊರೆದ ಸುರಂಗ. ಮೇ ತಿಂಗಳ ಕೊನೆಯ ತನಕ ಹೆಬ್ಬೆರಳು ಗಾತ್ರದ ನೀರು ಬರುತ್ತಿದ್ದದ್ದನ್ನು ನಾನೇ ಕಂಡವನು. ಜೂನಿನಲ್ಲಿ ಮಾತ್ರ ಗುಡ್ಡೆಯಿಂದ ಕೆಂಪು ನೀರು ನುಗ್ಗಿ ಅಡಿಕೆ ಮರಗಳ ಬುಡದಲ್ಲಿ ಮಣ್ಣು ರಾಶಿ ಹಾಕುತ್ತದೆ. “ಅಣ್ಣ, ಬೇಡದಾಗ ಬರ್ತದೆ, ಬೇಕಾದಾಗ ಇಲ್ಲ” ಎಂದು ತಮ್ಮ ಹೇಳುತ್ತಾನೆ. ಅವನ ದೂರು ಇಷ್ಟೇ. ಅವನು ಹೆಚ್ಚು ಮಾತಾಡುವವನಲ್ಲ.

ಇದರ ಲೆಕ್ಕ ಕಷ್ಟದ್ದಲ್ಲ. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಒಂದು ಎಕರೆಗೆ ಬೀಳುವ ನೀರು ಹೆಚ್ಚುಕಡಮೆ 1 ಕೋಟಿ 40 ಲಕ್ಷ ಲೀಟರ್. ಪದವಿನ ಮುರಕಲ್ಲು ಹೊರಗೆ ಗಟ್ಟಿಯಾಗಿ ಕಂಡರೂ ಅದರ ಮೈತುಂಬ ತೂತು, ಬಿರುಕು. ನೀರು ನಿಧಾನವಾಗಿ ಇಳಿದು, ಕೆಳಗಿನ ಜೇಡಿಯ ಪದರದ ಮೇಲೆ ನಿಂತು, ಗುಡ್ಡೆಯ ಬದಿಯಲ್ಲಿ ಒಸರುತ್ತದೆ. ಆ ಒಸರನ್ನು ಹಿಡಿಯುವುದಕ್ಕೇ ಬಾಯಾರು, ಎಣ್ಮಕಜೆಯ ಕಡೆಗೆಲ್ಲ ಹಿರಿಯರು ಸುರಂಗ ಕೊರೆದದ್ದು. ಪದವನ್ನು ಕೆತ್ತಿ ಸಮ ಮಾಡಿ, ಮೇಲೆ ಕಾಂಕ್ರೀಟು ಹಾಸಿ, ಮಳೆ ನೀರನ್ನು ಚರಂಡಿಯಲ್ಲಿ ಒಂದೇ ಕಡೆಗೆ ತಿರುಗಿಸಿದರೆ ಇಳಿಯಬೇಕಾದ ನೀರು ಓಡುತ್ತದೆ. ಬಂಜರು ಎಂದು ಬರೆದ ಜಾಗ ನಮ್ಮ ಭಂಡಾರವಾಗಿತ್ತು. ಅದನ್ನು ಹೇಳುವ ಕಾಲಂ ಕಡತದಲ್ಲಿ ಇರಲಿಲ್ಲ.

ಈಗ ಆ ಸಂಸ್ಥೆ ಪಕ್ಕದ ಹದಿನೈದು ಎಕರೆಯನ್ನೂ ಕೊಂಡುಕೊಂಡಿದೆ. ವಿಸ್ತರಣೆಯ ಬಗ್ಗೆ ಊರಿನವರನ್ನು ಕರೆದು ಒಂದು ಸಭೆ ಮಾಡುವುದಾಗಿ ಕಳೆದ ವರ್ಷದ ಕೊನೆಗೆ ತಿಳಿಸಿದರು. “ನಕ್ಷೆ ಓದಲು ಬರುವವ ನೀನೊಬ್ಬ, ನೀನೇ ಮಾತಾಡಬೇಕು” ಎಂದು ತಮ್ಮನೂ ನೆರೆಕರೆಯವರೂ ನನಗೆ ಒಪ್ಪಿಸಿಬಿಟ್ಟರು. ಬೇಡ ಎನ್ನುವುದು ಸುಲಭ. ಆದರೆ ನಮ್ಮ ಮಕ್ಕಳು ಕಲಿಯುವ ಜಾಗವನ್ನು ಬೇಡ ಎನ್ನುವುದು ಹೇಗೆ? ಹೀಗೆ ಮಾಡಿ ಎಂದು ಹೇಳಬೇಕಾದರೆ ಹಾಗೆ ಮಾಡಿದ್ದನ್ನು ಎಲ್ಲಿಯಾದರೂ ಕಂಡಿರಬೇಕು. ಆ ಯೋಚನೆ ತಲೆಯಲ್ಲಿ ಇರುವಾಗಲೇ, ಜನವರಿಯಲ್ಲಿ ಪೊಂಗಲ್ ಸಮಯಕ್ಕೆ, ಮಗಳನ್ನು ನೋಡಲು ತಮಿಳುನಾಡಿನ ಡಿಂಡಿಗಲ್ಲಿಗೆ ಹೋದೆ.

ಮಗಳು ಅಲ್ಲಿಯ ಗಾಂಧಿಗ್ರಾಮ ಗ್ರಾಮೀಣ ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಡಿಂಡಿಗಲ್ಲಿನಿಂದ ಮಧುರೆಗೆ ಹೋಗುವ ಹೆದ್ದಾರಿಯಲ್ಲಿ ಚಿನ್ನಾಳಪಟ್ಟಿ ಎಂಬ ನೇಕಾರರ ಊರಿದೆ. ಸುಂಗುಡಿ ಸೀರೆಗೆ ಹೆಸರಾದ ಊರು. ಅದರ ಪಕ್ಕ, ಅಂಬಾತುರೈ ರೈಲು ನಿಲ್ದಾಣದ ಹತ್ತಿರ, ಸಿರುಮಲೆ ಬೆಟ್ಟದ ಬುಡದಲ್ಲಿ ಗಾಂಧಿಗ್ರಾಮ. ಬೆಟ್ಟ ಮೂಡಣಕ್ಕಿರುವುದರಿಂದ ಬೆಳಗ್ಗೆ ಬಿಸಿಲು ತಡವಾಗಿ ಇಳಿಯುತ್ತದೆ. ಚಿನ್ನಾಳಪಟ್ಟಿಯಲ್ಲಿ ಮಗಳು ಇರುವ ಬಾಡಿಗೆ ಮನೆಯಲ್ಲಿ ಹತ್ತು ದಿನ ಕಳೆದೆ. ಮನೆಯ ಯಜಮಾನರು ದೇವಾಂಗ ಜಾತಿಯ ಮುದುಕರು. ಮೊದಲ ದಿನ ಅವರು ತಮ್ಮ ಹೆಂಡತಿಯ ಹತ್ತಿರ ಮಾತಾಡುವುದನ್ನು ಕೇಳಿ ನಾನು ಬೆಪ್ಪಾದೆ. ರಾಗ ತಮಿಳಿನದ್ದು, ಮಾತು ಕನ್ನಡದ್ದು! ನಾನು ಕನ್ನಡದಲ್ಲಿ ಮಾತಾಡಿಸಿದಾಗ ಅವರಿಗೂ ಅಷ್ಟೇ ಆಶ್ಚರ್ಯ. ಓದು ಬರಹ ಎಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಕಂಡರೆ ಗುರುತು ಹತ್ತುವುದಿಲ್ಲ. ಮನೆಯೊಳಗೆ ಮಾತ್ರ ತಲೆತಲಾಂತರದಿಂದ ಬಂದ ಮಾತು ಇದು ಎಂದರು. ಗಡಿನಾಡಿನವನಾದ ನನಗೆ ಅವರ ಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿರಲಿಲ್ಲ.

ಗಾಂಧಿಗ್ರಾಮದ ಕತೆಯನ್ನು ಸ್ವಲ್ಪ ಹೇಳಬೇಕು. ಅದು ಶುರುವಾದದ್ದು 1947ರಲ್ಲಿ. ಶುರುಮಾಡಿದವರು ಇಬ್ಬರು. ಒಬ್ಬರು ಡಾ. ಟಿ. ಎಸ್. ಸೌಂದರಂ, ಮಧುರೆಯ ಟಿ.ವಿ.ಎಸ್. ಬಸ್ಸುಗಳ ಸ್ಥಾಪಕ ಟಿ. ವಿ. ಸುಂದರಂ ಅಯ್ಯಂಗಾರರ ಮಗಳು, ವೈದ್ಯೆ. ಇನ್ನೊಬ್ಬರು ಅವರ ಪತಿ ಜಿ. ರಾಮಚಂದ್ರನ್, ತಿರುವನಂತಪುರದ ದಕ್ಷಿಣಕ್ಕಿರುವ ನೆಯ್ಯಾಟ್ಟಿನಕರೆಯವರು, ಶಾಂತಿನಿಕೇತನದಲ್ಲಿ ಓದಿ ಗಾಂಧೀಜಿಯ ಬಳಿ ಸೇರಿದವರು. ಮೊದಲಿಗೆ ಬಂದದ್ದು ವಿಶ್ವವಿದ್ಯಾನಿಲಯವಲ್ಲ. ಹೆರಿಗೆಗೆ, ಕಾಯಿಲೆಗೆ ಆಸರೆಯಾದ ಸಣ್ಣ ಆಸ್ಪತ್ರೆ, ಮಕ್ಕಳ ಶಾಲೆ, ಖಾದಿ, ಗ್ರಾಮಸೇವಕಿಯರ ತರಬೇತಿ. ಆಮೇಲೆ 1948-49ರ ರಾಧಾಕೃಷ್ಣನ್ ಆಯೋಗ ಹಳ್ಳಿಗಳಿಗೆ ಹೊಂದುವ ವಿಶ್ವವಿದ್ಯಾನಿಲಯಗಳು ಬೇಕು ಎಂದಿತು. ಅದರ ಫಲವಾಗಿ 1956ರಲ್ಲಿ ದೇಶದ ಕೆಲವೆಡೆ ಗ್ರಾಮೀಣ ಸಂಸ್ಥೆಗಳು ಹುಟ್ಟಿದವು, ಗಾಂಧಿಗ್ರಾಮದ್ದೂ ಅದರಲ್ಲೊಂದು. ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ ಅದು ಎಂಬುದು ನನ್ನ ವಯಸ್ಸಿನವರಿಗೆ ತಟ್ಟನೆ ಹೊಳೆಯದೆ ಇರದು. ಆ ಸಂಸ್ಥೆಗಳಲ್ಲಿ ಹಲವು ಕಾಲಕ್ರಮದಲ್ಲಿ ಸಾಮಾನ್ಯ ಕಾಲೇಜುಗಳಾಗಿ ಹೋದವು. ಗಾಂಧಿಗ್ರಾಮ ಮಾತ್ರ 1976ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಮಾನ್ಯತೆ ಪಡೆಯಿತು. ರಾಮಚಂದ್ರನ್ ಅದರ ಮೊದಲ ಕುಲಪತಿಯಾದರು.

1947, 1956, 1976. ಈ ಮೂರು ಇಸವಿಗಳನ್ನು ನಕ್ಷೆಗಾರನ ಕಣ್ಣಿನಿಂದ ನೋಡಿ. ಮೊದಲ ಆಸ್ಪತ್ರೆಗೆ ಜಾಗ ಗುರುತಿಸಿದವರಿಗೆ ಮೂವತ್ತು ವರ್ಷಗಳ ಮೇಲೆ ಅಲ್ಲಿ ವಿಶ್ವವಿದ್ಯಾನಿಲಯ ಬರುವುದೆಂದು ಗೊತ್ತಿರಲು ಸಾಧ್ಯವಿಲ್ಲ. ಆದರೂ ನಂತರ ಬಂದದ್ದಕ್ಕೆ ಜಾಗ ಸಿಕ್ಕಿತು, ಮೊದಲು ಇದ್ದದ್ದನ್ನು ಓಡಿಸಬೇಕಾಗಲಿಲ್ಲ. ಇವತ್ತಿಗೂ ಒಂದು ಕಡೆ ಕಸ್ತೂರಬಾ ಆಸ್ಪತ್ರೆ, ಒಂದು ಕಡೆ ಖಾದಿ ಮತ್ತು ಔಷಧಿ ತಯಾರಿಸುವ ಲಕ್ಷ್ಮೀ ಸೇವಾ ಸಂಘ, ಒಂದು ಕಡೆ ಅನಾಥ ಮಕ್ಕಳ ಮನೆ, ಇವುಗಳ ನೆರೆಯಲ್ಲೇ ವಿಶ್ವವಿದ್ಯಾನಿಲಯದ ತರಗತಿಗಳು. ಹೆರಿಗೆಗೆ ಬಂದ ಹಳ್ಳಿಯ ಹೆಂಗಸಿಗೂ ಪಿಎಚ್.ಡಿ. ಮಾಡುವ ನನ್ನ ಮಗಳಿಗೂ ಇಳಿಯುವ ಬಸ್‌ಸ್ಟಾಪು ಒಂದೇ.

ಹತ್ತು ದಿನವೂ ಸಂಜೆ ಅಲ್ಲಿ ಅಡ್ಡಾಡಿದೆ. ಬೇವು, ಹುಣಿಸೆ, ನಡುವೆ ತಗ್ಗಾದ ಕಟ್ಟಡಗಳು. ಹೊಸ ಕಟ್ಟಡಗಳೂ ಇವೆ, ಎತ್ತರದವೂ ಇವೆ. ಎಲ್ಲವೂ ಹಳೆಯದರ ಜತೆ ಹೊಂದುತ್ತವೆ ಎಂದು ನಾನು ಹೇಳಲಾರೆ. ಆದರೆ ಅಲ್ಲಿ ಖಾಲಿ ಜಾಗವೆಂದರೆ ಮಿಕ್ಕಿದ ಜಾಗವಲ್ಲ ಎಂಬುದು ನಡೆಯುತ್ತ ಹೋದಂತೆ ತಿಳಿಯುತ್ತದೆ. ಆ ಕಡೆಯ ಮಳೆ ವರ್ಷಕ್ಕೆ 800 ಮಿಲಿಮೀಟರಿನ ಆಸುಪಾಸು, ನಮ್ಮ ನಾಲ್ಕನೆಯ ಒಂದು ಪಾಲೂ ಇಲ್ಲ. ಒಂದು ಎಕರೆಗೆ ಮೂವತ್ತೆರಡು ಲಕ್ಷ ಲೀಟರ್ ನೀರು ಕಂಡವರು ಮರದ ಬುಡವನ್ನು ಜೋಪಾನ ಮಾಡುತ್ತಾರೆ. ಒಂದು ಕೋಟಿ ನಲವತ್ತು ಲಕ್ಷ ಕಂಡ ನಾವು ಮಾರ್ಚಿನಲ್ಲಿ ಟ್ಯಾಂಕರಿಗೆ ಫೋನು ಮಾಡುತ್ತೇವೆ.

ಇನ್ನೊಂದು ಸಂಗತಿ. ಗಾಂಧಿಗ್ರಾಮದ ವಿದ್ಯಾರ್ಥಿಗಳು ಓದಿನ ಅಂಗವಾಗಿಯೇ ಹಳ್ಳಿಗಳಿಗೆ ಹೋಗಿ ಕೆಲವು ದಿನ ಇದ್ದು ಬರಬೇಕು. ಶಾಂತಿಸೇನೆ ಎಂಬುದೂ ಅಲ್ಲಿ ಪಾಠದ ಭಾಗ. ಅಂದರೆ ಆ ಸಂಸ್ಥೆಯ ತರಗತಿಯ ಕೋಣೆ ಬೇಲಿಯ ಆಚೆಗೂ ಇದೆ ಎಂದಾಯಿತು. ಹೀಗಿರುವಲ್ಲಿ ಬಾಗಿಲು ಯಾವ ಕಡೆಗಿರಬೇಕು, ಊರಿನ ದನಗಳ ದಾರಿ, ನೀರಿನ ದಾರಿ ಎಲ್ಲಿ ಬೇಲಿಯನ್ನು ದಾಟುತ್ತದೆ ಎಂಬುದು ಅಲಂಕಾರದ ಪ್ರಶ್ನೆ ಅಲ್ಲ, ಪಾಠಪಟ್ಟಿಯ ಪ್ರಶ್ನೆ.

ಇನ್ನು ದೂರದೃಷ್ಟಿಯ ನಕ್ಷೆ, ಇಂಗ್ಲಿಷಿನ ಮಾಸ್ಟರ್ ಪ್ಲಾನ್, ಹೇಗೆ ತಯಾರಾಗುತ್ತದೆ ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಮೊದಲು ಜಾಗದ ಸರ್ವೆ. ಒಂದೇ ಎತ್ತರದಲ್ಲಿರುವ ಬಿಂದುಗಳನ್ನೆಲ್ಲ ಜೋಡಿಸುತ್ತ ಹೋದರೆ ಸಿಗುವ ಗೆರೆಗಳಿಗೆ ಕಾಂಟೂರ್ ಎಂದು ಹೆಸರು. ಗೆರೆಗಳು ಒತ್ತೊತ್ತಾಗಿದ್ದರೆ ಜರಿ, ದೂರದೂರವಾದರೆ ಸಮತಟ್ಟು. ನೀರು ಯಾವಾಗಲೂ ಈ ಗೆರೆಗಳನ್ನು ಅಡ್ಡವಾಗಿ ಕತ್ತರಿಸಿಕೊಂಡು ಇಳಿಯುತ್ತದೆ. ಹಾಗಾಗಿ ಆ ಹಾಳೆಯೊಂದನ್ನು ಓದಲು ಬಂದರೆ ಯಾರ ತೋಟಕ್ಕೆ ಯಾರ ನೀರು ಎಂಬುದು ಗೊತ್ತಾಗುತ್ತದೆ. ಅದರ ಮೇಲೆ ತರಗತಿಗಳ ಭಾಗ, ಹಾಸ್ಟೆಲುಗಳ ಭಾಗ, ಮನೆಗಳು, ಆಟದ ಬಯಲು ಎಂದು ವಿಂಗಡಿಸುತ್ತಾರೆ. ಎರಡು ತರಗತಿಗಳ ನಡುವೆ ಹತ್ತು ನಿಮಿಷ ಬಿಡುವಿದ್ದರೆ ಹುಡುಗರು ಆರಾಮವಾಗಿ ನಡೆಯಬಹುದಾದ ದೂರ ಸುಮಾರು 800 ಮೀಟರ್. ತರಗತಿಗಳೆಲ್ಲ ಆ ಸುತ್ತಿನೊಳಗೆ ಇದ್ದರೆ ಕಾಲ್ದಾರಿ ಸಾಕು, ಇಲ್ಲವಾದರೆ ಡಾಮರು ರಸ್ತೆ, ವಾಹನ, ವಾಹನ ನಿಲ್ಲಿಸಲು ಇನ್ನೂ ಎರಡು ಎಕರೆ. ಆಮೇಲೆ ನೀರಿನ ಕೊಳವೆ, ಚರಂಡಿ, ವಿದ್ಯುತ್ತಿನ ದಾರಿ. ಕೊನೆಯದಾಗಿ, ಈಗ ಕಟ್ಟಬಾರದ, ಮುಂದಿನವರಿಗೆಂದು ಬಿಡುವ ಜಾಗ. ಐದೋ ಹತ್ತೋ ವರ್ಷಕ್ಕೊಮ್ಮೆ ಇಡೀ ನಕ್ಷೆಯನ್ನು ಮತ್ತೆ ಬಿಡಿಸಿ ನೋಡಬೇಕು.

ಇದು ಕ್ರಮ. ನಡೆಯುವುದು ಬೇರೆ. ನಮ್ಮ ದೇಶದಲ್ಲಿ ಕಟ್ಟಡದ ಹಣ ಬಹುಕಾಲ ಪಂಚವಾರ್ಷಿಕ ಯೋಜನೆಗಳ ಲೆಕ್ಕದಲ್ಲಿ ಕಂತುಕಂತಾಗಿ ಬರುತ್ತಿತ್ತು. ಬಂದ ಹಣವನ್ನು ಮಾರ್ಚ್ 31ರೊಳಗೆ ಮುಗಿಸಬೇಕು. ಮುಗಿಸಬೇಕಾದರೆ ತಕರಾರಿಲ್ಲದ, ರಸ್ತೆಗೆ ಹತ್ತಿರದ, ಮಟ್ಟಸವಾದ ಜಾಗ ಬೇಕು. ಅಂತಹ ಜಾಗ ಸಾಮಾನ್ಯವಾಗಿ ಯಾವುದು? ಹಿಂದಿನ ಯೋಜಕರು ಮುಂದಿನವರಿಗೆಂದು ಬಿಟ್ಟದ್ದು. ಹೀಗೆ ಒಂದೊಂದು ಮಾರ್ಚಿನಲ್ಲೂ ಒಂದೊಂದು ತುಂಡು ಹೋಗುತ್ತದೆ. ಯಾರೂ ಕೆಟ್ಟ ಬುದ್ಧಿಯಿಂದ ಮಾಡುವುದಲ್ಲ. ನಾನೇ ಕೆಲಸದಲ್ಲಿದ್ದಾಗ ಜನವರಿಯಿಂದ ಮಾರ್ಚಿನ ವರೆಗೆ ರಾತ್ರಿ ಕುಳಿತು ಗೆರೆ ಎಳೆದದ್ದು ಎಷ್ಟೋ! ಐವತ್ತು ವರ್ಷದ ನಕ್ಷೆಗೂ ಹನ್ನೆರಡು ತಿಂಗಳ ಬಜೆಟ್ಟಿಗೂ ನಡುವಿನ ಜಗಳದಲ್ಲಿ ಬಜೆಟ್ಟು ಸೋತದ್ದನ್ನು ನಾನು ಕಂಡದ್ದು ಕಡಮೆ.

ಇದು ನಮ್ಮ ದೇಶದ ಕತೆ ಮಾತ್ರವೂ ಅಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ 1819ರಲ್ಲಿ ವರ್ಜೀನಿಯ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿ ಅದರ ನಕ್ಷೆಯನ್ನು ತಾವೇ ಬರೆದರು. ನಡುವೆ ಹುಲ್ಲಿನ ಉದ್ದನೆಯ ಅಂಗಳ, ಎರಡು ಬದಿಗೂ ಗುರುಗಳ ಮನೆ ಮತ್ತು ಪಾಠದ ಕೋಣೆ, ಒಂದು ತುದಿಗೆ ಗುಮ್ಮಟದ ಗ್ರಂಥಾಲಯ. ಇನ್ನೊಂದು ತುದಿಯನ್ನು ತೆರೆದೇ ಬಿಟ್ಟರು. ಅಲ್ಲಿಂದ ಬೆಟ್ಟಗಳು ಕಾಣುತ್ತಿದ್ದವು. 1895ರಲ್ಲಿ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಮತ್ತೆ ಕಟ್ಟುವ ಹೊತ್ತಿಗೆ ಕೋಣೆಗಳು ಸಾಲುತ್ತಿರಲಿಲ್ಲವೆಂದು ತೆರೆದ ತುದಿಯಲ್ಲೂ ಕಟ್ಟಡ ಎಬ್ಬಿಸಿ, 1898ರ ಹೊತ್ತಿಗೆ ಆ ನೋಟವನ್ನು ಮುಚ್ಚಿದರು. ಎಂಬತ್ತು ವರ್ಷ ತೆರೆದಿದ್ದ ಜಾಗ ಮೂರು ವರ್ಷದೊಳಗೆ ಹೋಯಿತು. ಅದೇ ದೇಶದ ಆರೆಗಾನ್ ವಿಶ್ವವಿದ್ಯಾನಿಲಯದಲ್ಲಿ 1970ರ ದಶಕದಲ್ಲಿ ಕ್ರಿಸ್ಟೊಫರ್ ಅಲೆಗ್ಸಾಂಡರ್ ಎಂಬ ವಾಸ್ತುಶಿಲ್ಪಿ ಇದಕ್ಕೆ ತಿರುಗಿಯೇ ಹೇಳಿದರು. ಕೊನೆಯ ಚಿತ್ರವನ್ನು ಈಗಲೇ ಬರೆದಿಡುವುದು ಬೇಡ. ಎಲ್ಲರೂ ಒಪ್ಪಿದ ಕೆಲವು ನಿಯಮಗಳಿರಲಿ. ಸಣ್ಣ ಸಣ್ಣದಾಗಿ ಕಟ್ಟಿ. ಅಲ್ಲಿ ಇರುವವರೇ ಸೇರಿ ನಿರ್ಧರಿಸಲಿ. ಯಾವ ಜಾಗ ಚೆನ್ನಾಗಿದೆ, ಯಾವುದು ಕೆಟ್ಟಿದೆ ಎಂದು ವರ್ಷವರ್ಷ ಪರೀಕ್ಷಿಸಿ ಎಂಬುದು ಅವರ ವಾದ. ಗಾಂಧಿಗ್ರಾಮ ಬೆಳೆದ ಬಗೆಯೂ ಒಂದು ರೀತಿಯಲ್ಲಿ ಇದೇ ಎಂದು ನನಗೆ ಅನಿಸಿತು.

ಹತ್ತಿರದ ಉದಾಹರಣೆಗಳೂ ಇವೆ. ತಿರುವನಂತಪುರದ ಉಳ್ಳೂರಿನಲ್ಲಿ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು ಲಾರಿ ಬೇಕರ್ 1970ರ ದಶಕದಲ್ಲಿ ಕಟ್ಟಿದ ಬಗೆ ನಮ್ಮ ಮಲಯಾಳಿ ಮಿತ್ರರಿಗೆಲ್ಲ ಗೊತ್ತು. ಸುಮಾರು ಹತ್ತು ಎಕರೆಯ ಗುಡ್ಡ. ಗುಡ್ಡವನ್ನು ಕೆತ್ತಲಿಲ್ಲ, ಕಟ್ಟಡವನ್ನೇ ಗುಡ್ಡಕ್ಕೆ ಬಗ್ಗಿಸಿದರು. ಮೈಸೂರಿನಲ್ಲಿ 1960ರಲ್ಲಿ ಮಾನಸಗಂಗೋತ್ರಿ ಆದಾಗ ಪಕ್ಕದ ಕುಕ್ಕರಹಳ್ಳಿ ಕೆರೆ ಕೆರೆಯಾಗಿಯೇ ಉಳಿಯಿತು. ಇಂದು ಅದೇ ಊರಿನ ಉಸಿರು. ಕರಾವಳಿಯ ವಿಶ್ವವಿದ್ಯಾನಿಲಯಗಳ ಕತೆ ಮಾತ್ರ ಬೇರೆ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯ ಕೊಣಾಜೆಯ ಗುಡ್ಡೆಯ ಮೇಲೆ, 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ ಪೆರಿಯದ ಗುಡ್ಡೆಯ ಮೇಲೆ. ನಮ್ಮಲ್ಲಿ ಬಯಲೆಲ್ಲ ತೋಟ, ಗದ್ದೆ. ಒಟ್ಟಿಗೆ ನೂರಾರು ಎಕರೆ ಸಿಗುವುದು ಮೇಲೆಯೇ. ಆದಕಾರಣ ನಮ್ಮ ನಾಡಿನಲ್ಲಿ ಕಲಿಯುವ ಜಾಗದ ನಕ್ಷೆ ಬರೆಯುವುದೆಂದರೆ ಕೆಳಗಿನ ಊರಿನ ನೀರಿನ ನಕ್ಷೆಯನ್ನೂ ಬರೆದಂತೆ. ಬಯಲುಸೀಮೆಯ ಮಾದರಿಯನ್ನು ತಂದು ಇಲ್ಲಿ ಹಾಸಿದರೆ ಸರಿಹೋಗದು.

ಪೊಂಗಲಿನ ಮರುದಿನ ಮಗಳು, “ಅಪ್ಪಾ, ಕಂಬಂಗೆ ಹೋಗಿ ಬರುವ, ಅಲ್ಲಿ ನಿಮಗೆ ಬೇಕಾದ್ದು ಒಂದಿದೆ” ಎಂದಳು. ವತ್ತಲಗುಂಡು, ಪೆರಿಯಕುಳಂ ದಾಟಿ ತೇನಿ. ತೇನಿ ಈಗ ಜಿಲ್ಲಾಕೇಂದ್ರ. 1996ರಲ್ಲಿ ಮಧುರೆ ಜಿಲ್ಲೆಯಿಂದ ಬೇರೆಯಾದದ್ದು. ಅಲ್ಲಿಂದ ಮುಂದೆ ಕಂಬಂ ಕಣಿವೆ. ಎರಡೂ ಕಡೆ ಬೆಟ್ಟ, ನಡುವೆ ಹಸುರು: ದ್ರಾಕ್ಷಿಯ ಚಪ್ಪರ, ಬಾಳೆ, ಗದ್ದೆ. ಆ ಹಸುರಿಗೆ ಕಾರಣ ಮುಲ್ಲಪೆರಿಯಾರಿನಿಂದ ಬೆಟ್ಟ ಕೊರೆದು ತಂದ ನೀರು. ಅಣೆಕಟ್ಟು ಮುಗಿದದ್ದು 1895ರಲ್ಲಿ. ತಿರುವಾಂಕೂರಿಗೂ ಬ್ರಿಟಿಷ್ ಸರಕಾರಕ್ಕೂ ಕರಾರಾದದ್ದು 1886ರಲ್ಲಿ, 999 ವರ್ಷಗಳಿಗೆ! ಅದರ ಬಗ್ಗೆ ಎರಡು ರಾಜ್ಯಗಳ ನಡುವೆ ಇರುವ ತಕರಾರಿನ ಸರಿತಪ್ಪನ್ನು ಹೇಳಲು ನಾನು ಹೊರಟಿಲ್ಲ. ಕಾಗದದ ಮೇಲೆ ಸಾವಿರ ವರ್ಷ ಬರೆದರೂ ಮುಂದೆ ಬರುವವರು ಅದನ್ನು ತಮ್ಮ ಕಣ್ಣಿನಿಂದಲೇ ಓದುತ್ತಾರೆ ಎಂದಷ್ಟೇ ಹೇಳಬಹುದು.

ಮಗಳು ತೋರಿಸಬೇಕೆಂದಿದ್ದದ್ದು ಅಣೆಕಟ್ಟಲ್ಲ. ಕಂಬಂ ಪಟ್ಟಣದೊಳಗೆ ನಂದಗೋಪಾಲಸ್ವಾಮಿ ತಂಬಿರಾನ್ ಮಾಟ್ಟು ತೊಳು ಎಂಬ ಜಾಗವಿದೆ. ತೊಳು ಎಂದರೆ ನಮ್ಮ ಹಟ್ಟಿ. ಮಲಯಾಳದ ತೊಳುತ್ತ್ ಎಂಬುದೂ ಇದೇ ಮಾತು. ಕಣಿವೆಯ ಒಕ್ಕಲಿಗ ಕಪ್ಪಿಲಿಯರ ಸಮುದಾಯಕ್ಕೆ ಸೇರಿದ್ದು. ಕಪ್ಪಿಲಿಯರ ಮನೆಮಾತು ಕನ್ನಡ. ತಮ್ಮ ಹಿರಿಯರು ನೂರಾರು ವರ್ಷಗಳ ಹಿಂದೆ ಕರ್ನಾಟಕದಿಂದ ದನಗಳನ್ನು ಹೊಡೆದುಕೊಂಡು ಬಂದರು ಎಂಬುದು ಅವರ ನಂಬಿಕೆ. ಅಲ್ಲಿ ಹಸು ಎತ್ತುಗಳೇ ದೇವರು. ಮಾಟ್ಟು ಪೊಂಗಲಿನ ದಿನ ಸುತ್ತಲ ಊರುಗಳಿಂದ ಜನ ಬರುತ್ತಾರೆ. ಆ ಜನಸಂದಣಿಯಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆ ಕನ್ನಡದಲ್ಲಿ ಎತ್ತಿನ ಕೊಂಬನ್ನು ತೋರಿಸುತ್ತಿದ್ದ.

ಅಂಗಡಿ, ಮನೆ, ಬಸ್ಸಿನ ಸದ್ದಿನ ನಡುವೆ ಒಂದು ಹಟ್ಟಿ! ಡ್ರಾಫ್ಟ್ಸ್‌ಮನ್ ಬುದ್ಧಿ ಎಲ್ಲಿಗೆ ಹೋಗುತ್ತದೆ? ಪೇಟೆಯೊಳಗಿನ ಈ ಜಾಗಕ್ಕೆ ಒಳ್ಳೆಯ ಬೆಲೆ ಬಂದೀತಲ್ಲ, ಯಾರೂ ಕಟ್ಟಡ ಕಟ್ಟುವ ಮಾತು ಎತ್ತಲಿಲ್ಲವೇ ಎಂದು ಅಲ್ಲಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರು ನನ್ನ ಮುಖ ನೋಡಿ, ಕಟ್ಟಿದರೆ ದನ ಎಲ್ಲಿ ನಿಲ್ಲಬೇಕು ಎಂದು ಕೇಳಿದರು. ಅಷ್ಟೇ. ಅವರ ಹತ್ತಿರ ಮಾಸ್ಟರ್ ಪ್ಲಾನ್ ಇರಲಿಲ್ಲ. ಆ ಜಾಗ ಏತಕ್ಕೆಂಬುದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು, ಮಗುವಿಗೂ ಆ ದಿನ ಗೊತ್ತಾಗುತ್ತಿತ್ತು. ತೆರೆದ ಜಾಗ ಉಳಿಯುವುದಕ್ಕೆ ಬೇಲಿ, ಬೋರ್ಡುಗಳಿಗಿಂತ ಇದು ಹೆಚ್ಚು ಬೇಕು ಎಂದು ನನಗೆ ಮನದಟ್ಟಾಯಿತು. ನಮ್ಮ ಪದವು ಏತಕ್ಕೆ ಎಂಬುದನ್ನು ನಾವು ನಮ್ಮ ಮಕ್ಕಳಿಗೆ ಹೇಳಿರಲಿಲ್ಲ. ಹೇಳದ್ದರಿಂದ ಅದು ಬಂಜರಾಗಿ ಉಳಿಯಿತು.

ಹಿಂತಿರುಗುವಾಗ ಬಸ್ಸಿನಲ್ಲಿ ಮಗಳೊಡನೆ ಭಾಷೆಯ ಮಾತು ಬಂತು. ಗಾಂಧಿಗ್ರಾಮದಲ್ಲಿ ತಮಿಳು, ಭಾರತೀಯ ಭಾಷೆಗಳು ಮತ್ತು ಗ್ರಾಮೀಣ ಕಲೆಗಳು ಎಂಬ ಹೆಸರಿನ ವಿಭಾಗವಿದೆ. ಸಂಸ್ಥೆಯ ಬಾಗಿಲಲ್ಲಿರುವ ಚಿನ್ನಾಳಪಟ್ಟಿಯಲ್ಲಿ ಕನ್ನಡದ ಮನೆಗಳು, ಕಂಬಂ ಕಣಿವೆಯಲ್ಲಿ ಕನ್ನಡದ ಊರುಗಳು. ಅವರ ಹಾಡು, ಗಾದೆ, ದನಗಳ ಹೆಸರು ಇವನ್ನೆಲ್ಲ ಬರೆದಿಡಲು ಅದಕ್ಕಿಂತ ಹೊಂದುವ ಹೆಸರಿನ ವಿಭಾಗ ಬೇರೆ ಬೇಕೆ? ಹೆಸರಿನಲ್ಲಿ ಜಾಗ ಬಿಟ್ಟಿದ್ದಾರೆ. ಒಂದು ದಿನ ಯಾರಾದರೂ ಬಂದು ಕೂರಬಹುದು ಎಂದಳು. ಕಾಸರಗೋಡಿನ ಸರಕಾರಿ ಕಾಲೇಜು 1957ರಿಂದ ಇದೆ, ಅಲ್ಲಿ ಕನ್ನಡಕ್ಕೊಂದು ಕೋಣೆ ಇದೆ. ಆ ಕೋಣೆ ಇಲ್ಲದೆ ಇದ್ದರೆ ನಮ್ಮಲ್ಲೂ ಎರಡು ತಲೆಮಾರಿನಲ್ಲಿ ಚಿನ್ನಾಳಪಟ್ಟಿಯ ಯಜಮಾನರ ಸ್ಥಿತಿಯೇ ಬರುತ್ತಿತ್ತೋ ಏನೋ. ಅಲ್ಪಸಂಖ್ಯಾತರಾದ ನಮಗೆ ಕೋಣೆ ಎಂದರೆ ಎಂಟಡಿ ಹತ್ತಡಿಯ ಲೆಕ್ಕವಲ್ಲ. ನಕ್ಷೆಯಲ್ಲಿ ಇಲ್ಲದ್ದಕ್ಕೆ ಆಮೇಲೆ ಜಾಗ ಕೇಳುವುದು ಎಷ್ಟು ಕಷ್ಟ ಎಂಬುದು ಓದುಗರಿಗೆ ನನಗಿಂತ ಚೆನ್ನಾಗಿ ಗೊತ್ತು.

ಊರಿಗೆ ಬಂದ ಮೇಲೆ ಸಭೆ ನಡೆಯಿತು. ಸಂಸ್ಥೆಯವರು ಬಣ್ಣದ ಚಿತ್ರ ತಂದಿದ್ದರು: ಕಾರಂಜಿ, ಹುಲ್ಲುಹಾಸು, ನಗುವ ಹುಡುಗರು. ನಾನು ಕಾಂಟೂರ್ ಹಾಳೆ ಕೇಳಿದೆ. ತಂದಿರಲಿಲ್ಲ. ಒಂದು ವಾರ ಬಿಟ್ಟು ತರಿಸಿದರು, ಅದು ಅವರ ದೊಡ್ಡಗುಣ. ಪಂಚಾಯತಿನ ಮೇಜಿನ ಮೇಲೆ ಹಾಳೆ ಬಿಡಿಸಿ, ನೀರು ಇಳಿಯುವ ಮೂರು ದಾರಿಗಳನ್ನು ನೀಲಿ ಪೆನ್ಸಿಲಿನಲ್ಲಿ ಎಳೆದು ತೋರಿಸಿದೆ. ಎರಡನೆಯ ಗೆರೆಯ ಕೊನೆಗೆ ತಮ್ಮನ ಸುರಂಗ. ತಮ್ಮ ಮೇಜಿನ ಹತ್ತಿರ ಬಂದು ಆ ಗೆರೆಯ ಮೇಲೆ ಬೆರಳಿಟ್ಟು, “ಇದು ಸರಿ, ಇಲ್ಲಿಯೇ ಬರ್ತಿತ್ತು” ಎಂದ.

ನಾವು ಕೇಳಿದ್ದು ಮೂರು. ಒಂದು, ಹೊಸ ಹದಿನೈದು ಎಕರೆಯಲ್ಲಿ ನೀಲಿ ಗೆರೆಗಳ ಎರಡು ಬದಿಗೂ ಹತ್ತು ಹತ್ತು ಮೀಟರ್ ಕೆತ್ತಬಾರದು, ಕಾಂಕ್ರೀಟು ಹಾಕಬಾರದು. ಮಾಡಿನ ನೀರು ಚರಂಡಿಗೆ ಹೋಗದೆ ಇಂಗುಗುಂಡಿಗೆ ಹೋಗಬೇಕು. ಎರಡು, ಐದು ಎಕರೆಯನ್ನು ಇಪ್ಪತ್ತೈದು ವರ್ಷ ಹಾಗೆಯೇ ಬಿಡಬೇಕು, ಮುಳಿಹುಲ್ಲು ಸಹಿತ. ಅದು ಏತಕ್ಕೆ ಎಂಬುದನ್ನು ಅಲ್ಲಿಯೇ ಒಂದು ಕಲ್ಲಿನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಬರೆದಿಡಬೇಕು. ಮೂರು, ಊರಿನ ಕಡೆಗೆ ಒಂದು ಕಾಲ್ದಾರಿಯ ಬಾಗಿಲು. ಸಂಜೆ ಗ್ರಂಥಾಲಯ ಊರಿನವರಿಗೂ ತೆರೆದಿರಬೇಕು, ಅಲ್ಲಿ ಒಂದು ಕಪಾಟು ಕನ್ನಡಕ್ಕೆ.

ಮೊದಲನೆಯದಕ್ಕೆ ಒಪ್ಪಿದರು, ಬರೆದೂ ಕೊಟ್ಟರು. ಮೂರನೆಯದಕ್ಕೆ ಕಾವಲುಗಾರನ ಸಂಬಳದ ಪ್ರಶ್ನೆ ಎತ್ತಿ, ಕೊನೆಗೆ ವಾರಕ್ಕೆ ಎರಡು ದಿನ ಎಂದರು. ಆಗಲಿ ಎಂದೆವು. ಎರಡನೆಯದು ಇನ್ನೂ ತೀರ್ಮಾನವಾಗಿಲ್ಲ. ಐದು ಎಕರೆಯನ್ನು ಸುಮ್ಮನೆ ಬಿಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಸುಮ್ಮನೆ ಅಲ್ಲ ಎಂದು ತಿಳಿಸಲು ಈ ಮಳೆಗಾಲದಲ್ಲಿ ಅವರನ್ನೇ ಪದವಿಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿದೆ. ಜುಲಾಯಿಯಲ್ಲಿ ನೀರು ಮುರಕಲ್ಲಿನ ತೂತಿನೊಳಗೆ ಇಳಿಯುವ ಸದ್ದು ಕಿವಿಗೊಟ್ಟರೆ ಕೇಳುತ್ತದೆ. ನಮ್ಮ ಶಾಲೆಯ ಐದನೆಯ ತರಗತಿಯ ಮಕ್ಕಳನ್ನೂ ಜತೆಗೆ ಕಳುಹಿಸಲು ಮಾಸ್ತರರು ಒಪ್ಪಿದ್ದಾರೆ. ಇಪ್ಪತ್ತೈದು ವರ್ಷ ಕಳೆದು ಆ ಐದು ಎಕರೆಯ ಮಾತು ಮತ್ತೆ ಬಂದಾಗ ಸಭೆಯಲ್ಲಿ ಕುಳಿತುಕೊಳ್ಳುವವರು ಅವರು.

ನಿಮ್ಮ ಊರಿನ ಗುಡ್ಡೆಗೂ ನಾಳೆ ಒಂದು ಕಾಲೇಜು ಬರಬಹುದು. ಬರಲಿ, ಬೇಕು. ಬಣ್ಣದ ಚಿತ್ರ ತೋರಿಸಿದರೆ ನೋಡಿ ಸಂತೋಷಪಡಿ. ಆಮೇಲೆ, ಗಟ್ಟಿದನಿ ಬೇಡ, ಕಾಂಟೂರ್ ಹಾಳೆಯನ್ನು ಕೇಳಿ. ಓದಲು ಬರುವವರು ಹತ್ತಿರದಲ್ಲಿ ಇಲ್ಲವಾದರೆ ನನಗೆ ಒಂದು ಕಾರ್ಡು ಹಾಕಿ. ಕಣ್ಣು ಇನ್ನೂ ಸರಿಯಾಗಿದೆ. ನೀಲಿ ಪೆನ್ಸಿಲು ತೆಗೆದುಕೊಂಡು ಬರುತ್ತೇನೆ.